ಮಡಚಿದ ಚೀಟಿಯ ಚರಿತ್ರೆ

ಸೋಮವಾರಪೇಟೆಯ ಸಂತೆ ದಿನ ಔಷಧಿ ಅಂಗಡಿಯ ಮುಂದೆ ನಿಂತವರಿಗೆ ಒಂದು ವಿಷಯ ಕಾಣದಿರದು. ಬಿ.ಪಿ. ಮಾತ್ರೆಯನ್ನು ಗಟ್ಟಿ ದನಿಯಲ್ಲಿ ಕೇಳುವ ನಾವು, ಖಿನ್ನತೆಯ ಮಾತ್ರೆಯ ಚೀಟಿಯನ್ನು ಮಾತ್ರ ನಾಲ್ಕಾಗಿ ಮಡಚಿ ಕೊಡುತ್ತೇವೆ. ವಿಚಿತ್ರವೆಂದರೆ, ಈ ಎರಡು ಮಾತ್ರೆಗಳ ಚರಿತ್ರೆ ಒಂದಕ್ಕೊಂದು ಹೆಣೆದುಕೊಂಡಿದೆ.

ನಮ್ಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧಿಯ ಬೇರು ರಕ್ತದೊತ್ತಡ ಇಳಿಸುತ್ತದೆಂದು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಅದನ್ನು ಸೇವಿಸಿದ ಕೆಲವರು ಖಿನ್ನತೆಗೆ ಜಾರಿದ ವರದಿಗಳು ಬಂದವು. ಅದೇ ಕಾಲದಲ್ಲಿ ನ್ಯೂಯಾರ್ಕಿನ ಕ್ಷಯರೋಗಿಗಳಿಗೆ ಕೊಟ್ಟ ಇಪ್ರೋನಿಯಜಿಡ್ ತದ್ವಿರುದ್ಧ ಪರಿಣಾಮ ತೋರಿತು. ರೋಗಿಗಳು ಲವಲವಿಕೆಯಿಂದ ಓಡಾಡತೊಡಗಿದರು. ಆ ಅಡ್ಡ ಪರಿಣಾಮವೇ 1957ರ ಹೊತ್ತಿಗೆ ಖಿನ್ನತೆಗೆ ಮದ್ದಾಯಿತು. ಆದರೆ ಕೆಲವರ ಯಕೃತ್ತು ಕೆಟ್ಟು ಕಾಮಾಲೆ ಬಂದುದರಿಂದ 1961ರಲ್ಲಿ ಅಮೆರಿಕ ಅದನ್ನು ಕೈಬಿಟ್ಟಿತು.

ಅದೇ ಗುಂಪಿನ ಮಾತ್ರೆ ಸೇವಿಸುವವರು ಚೀಸ್ ತಿಂದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರುವುದೆಂದು 1963ರಲ್ಲಿ ಲಂಡನ್ನಿನ ಡಾ. ಬ್ಯಾರಿ ಬ್ಲ್ಯಾಕ್‌ವೆಲ್ ತಿಳಿಸಿದರು. ಸುಳಿವು ಕೊಟ್ಟವರಲ್ಲಿ, ತನ್ನ ಹೆಂಡತಿಗೆ ಬಂದ ತಲೆನೋವಿನ ಬಗ್ಗೆ ಪತ್ರ ಬರೆದ ಒಬ್ಬ ಔಷಧಿಗಾರನೂ ಇದ್ದ. ಒಂದು ಮನೆ ಬಾಯಿ ಬಿಟ್ಟದ್ದರಿಂದ ಎಷ್ಟೋ ಜೀವಗಳು ಉಳಿದವು.

1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಲುಒಕ್ಸೆಟಿನ್ ಮತ್ತು ಅದರ ಬಳಗದ ಮಾತ್ರೆಗಳು ಹಳೆಯವಕ್ಕಿಂತ ಸುರಕ್ಷಿತ. ಆದರೂ ವಾಕರಿಕೆ, ತಲೆನೋವು, ನಿದ್ದೆಗೇಡು, ದಾಂಪತ್ಯದಲ್ಲಿ ನಿರಾಸಕ್ತಿ ಕೆಲವರನ್ನು ಕಾಡುತ್ತವೆ. ತೊಂದರೆ ಮೊದಲ ವಾರದಲ್ಲೇ ಬರುತ್ತದೆ, ಗುಣ ಕಾಣಲು ಕೆಲವು ವಾರಗಳು ಬೇಕು. ಹೀಗಾಗಿ ಅನೇಕರು ಯಾರಿಗೂ ಹೇಳದೆ ಮಾತ್ರೆ ಬಿಡುತ್ತಾರೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ಶಾಕ್ ಹೊಡೆದಂಥ ಅನುಭವ ಆಗಬಹುದು. ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಕೆಲವು ನೋವಿನ ಮಾತ್ರೆಗಳ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ರಂಝಾನಿನಲ್ಲಿ ಮಾತ್ರೆಯ ಹೊತ್ತು ಬದಲಿಸಬೇಕಾದರೂ ವೈದ್ಯರನ್ನು ಕೇಳಿಯೇ ಬದಲಿಸಬೇಕು. ಎಳೆಯರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಎಚ್ಚರಿಸಿದರು; 2007ರಲ್ಲಿ ಆ ಎಚ್ಚರಿಕೆಯನ್ನು 24 ವರ್ಷದವರೆಗೆ ವಿಸ್ತರಿಸಿದರು. ಮೊದಲ ವಾರಗಳಲ್ಲಿ ಮನೆಯವರ ಕಣ್ಣು ಅವರ ಮೇಲಿರಲೇಬೇಕು. ಚೀಟಿಯನ್ನೇ ಅಡಗಿಸಿಟ್ಟರೆ ನೋಡಿಕೊಳ್ಳುವವರು ಯಾರು?

ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಆರಂಭಿಸಿ, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೂ ಒಯ್ಯಬಹುದೆಂದು ತೋರಿಸಿತು. 2022ರಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಮೂಲಕ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಔಷಧ ನಮ್ಮ ಪೇಟೆಗೆ ಬಂದಿದೆ, ಸಲಹೆ ನಮ್ಮ ಭಾಷೆಯಲ್ಲಿದೆ. ಇನ್ನು ಚೀಟಿ ಬಿಡಿಸುವ ಕೆಲಸವೊಂದು ನಮಗೆ ಉಳಿದಿದೆ.