ಬುತ್ತಿ ಕಟ್ಟಿಕೊಂಡು ಯುದ್ಧ ನೋಡಲು ಹೋದವರು

ನೋಡಿ, ಶುರುವಾಗೋ ಮುಂಚೆ ಯಾವ ಯುದ್ಧವೂ ಸುಲಭವಾಗಿಯೇ ಕಾಣುತ್ತೆ. 1861ರಲ್ಲಿ ಅಮೆರಿಕಕ್ಕೂ ಹಾಗೇ ಕಂಡಿತ್ತು.

ಗುಲಾಮಗಿರಿ ಬಿಡಲೊಲ್ಲದ ದಕ್ಷಿಣದ ರಾಜ್ಯಗಳು ಬೇರೆ ದೇಶ ಮಾಡಿಕೊಂಡು, ಫೋರ್ಟ್ ಸಮ್ಟರ್ ಕೋಟೆ ಮೇಲೆ ಫಿರಂಗಿ ಹಾರಿಸಿದವು. ಅಧ್ಯಕ್ಷ ಅಬ್ರಹಾಂ ಲಿಂಕನ್ ಕೈಯಲ್ಲಿದ್ದ ಖಾಯಂ ಸೈನ್ಯ ಎಷ್ಟು ಗೊತ್ತಾ? ಸುಮಾರು 16 ಸಾವಿರ! ಏಪ್ರಿಲ್ 15ರಂದು ಅವರು ರಾಜ್ಯಗಳಿಂದ 75 ಸಾವಿರ ಜನರನ್ನು ಕೇಳಿದರು. ಎಷ್ಟು ದಿನಕ್ಕೆ? ಬರೀ ಮೂರು ತಿಂಗಳಿಗೆ.

ಜನ ಬಂದರು. ರೈತರು, ಗುಮಾಸ್ತರು, ಬಡಗಿಗಳು, ಮೇಷ್ಟ್ರುಗಳು, ಕಾಲೇಜು ಹುಡುಗರು. ಒಂದೇ ಊರಿನವರು ಒಂದೇ ತುಕಡಿ. ಎಷ್ಟೋ ಕಡೆ ಕ್ಯಾಪ್ಟನ್ ಯಾರಾಗಬೇಕು ಅಂತ ಅವರೇ ಓಟು ಹಾಕಿ ಆರಿಸಿಕೊಂಡರು. ಸಮವಸ್ತ್ರವೂ ಒಂದೇ ಥರ ಇಲ್ಲ. ಉತ್ತರದ ಕೆಲವರು ಬೂದು ಬಣ್ಣದಲ್ಲಿ, ದಕ್ಷಿಣದ ಕೆಲವರು ನೀಲಿಯಲ್ಲಿ. ಗುಂಡು ಯಾರಿಗೆ ಹೊಡೀಬೇಕು ಅನ್ನೋದೇ ಗೊಂದಲ.

ತರಬೇತಿಗೆ ಸಮಯ ಕೊಟ್ಟರಾ? ಎಲ್ಲಿ ಸ್ವಾಮಿ! ಆವತ್ತು ನಮ್ಮಂಥ ಚಾನೆಲ್‌ಗಳಿರಲಿಲ್ಲ, ಪತ್ರಿಕೆಗಳಿದ್ದವು. ದಕ್ಷಿಣದವರ ರಾಜಧಾನಿ ರಿಚ್ಮಂಡ್‌ಗೆ ಈಗಲೇ ನುಗ್ಗಿ ಅಂತ ನ್ಯೂಯಾರ್ಕ್‌ನ ಪತ್ರಿಕೆಯೊಂದು ಪದೇ ಪದೇ ಬರೆಯಿತು. ಬರೆದವರು ಬಂದೂಕು ಹೊರಬೇಕಾಗಿರಲಿಲ್ಲ ನೋಡಿ.

ಜುಲೈ 21, ಭಾನುವಾರ. ವಾಷಿಂಗ್ಟನ್‌ಗೆ ಒಂದು ದಿನದ ಗಾಡಿ ದಾರಿಯಷ್ಟೇ ದೂರದ ಬುಲ್ ರನ್ ಹಳ್ಳದ ಬಳಿ ಯುದ್ಧ. ಅದನ್ನು ನೋಡೋಕೆ ರಾಜಧಾನಿಯ ಜನ ಗಾಡಿ ಕಟ್ಟಿಕೊಂಡು ಬಂದರು! ಕೈಯಲ್ಲಿ ದುರ್ಬೀನು, ಗಾಡಿಯಲ್ಲಿ ಬುತ್ತಿ. ಸಂಸದರೂ ಇದ್ದರು. ಅದೇ ದಿನ ಪೆನ್ಸಿಲ್ವೇನಿಯಾದ ಒಂದು ರೆಜಿಮೆಂಟು, ಮೂರು ತಿಂಗಳು ಮುಗೀತು ಅಂತ ಹೇಳಿ, ಫಿರಂಗಿ ಸದ್ದು ಕೇಳ್ತಿದ್ದಂತೆಯೇ ಊರ ಕಡೆ ಹೊರಟಿತು. ಹೇಡಿಗಳು ಅಂತೀರಾ? ಸರ್ಕಾರ ಅವರನ್ನು ಕರೆದದ್ದೇ ಮೂರು ತಿಂಗಳಿಗೆ.

ಸಂಜೆ ಹೊತ್ತಿಗೆ ಉತ್ತರದ ಸೈನ್ಯ ದಿಕ್ಕಾಪಾಲು. ಓಡೋ ಸೈನಿಕರು, ಫಿರಂಗಿ ಬಂಡಿಗಳು, ನೋಡಲು ಬಂದವರು, ಎಲ್ಲ ಒಂದೇ ರಸ್ತೆಯಲ್ಲಿ. ಸಂಸದ ಆಲ್ಫ್ರೆಡ್ ಎಲಿ ಶತ್ರುಗಳ ಕೈಗೆ ಸಿಕ್ಕಿಬಿದ್ದರು. ಅವರು ರಿಚ್ಮಂಡ್ ತಲುಪಿದರು, ಕೈದಿಯಾಗಿ! ಎರಡೂ ಕಡೆ ಸೇರಿ ಸತ್ತವರು ಎಂಟುನೂರಕ್ಕೂ ಹೆಚ್ಚು.

ಮಾರನೇ ದಿನವೇ ಲಿಂಕನ್ ಐದು ಲಕ್ಷ ಸ್ವಯಂಸೇವಕರ ಮಸೂದೆಗೆ ಸಹಿ ಹಾಕಿದರು. ಈ ಸಲ ಮೂರು ವರ್ಷಕ್ಕೆ. ಆಶ್ಚರ್ಯ ಅಂದ್ರೆ, ಜನ ಮತ್ತೆ ಬಂದರು. ಈಗ ಯಾರಿಗೂ ಭ್ರಮೆ ಇರಲಿಲ್ಲ. ಆಮೇಲೆ ಸುಮಾರು 1 ಲಕ್ಷ 80 ಸಾವಿರ ಕಪ್ಪು ಜನರೂ ಸೇರಿದರು. ಅವರಲ್ಲಿ ಅನೇಕರು ನಿನ್ನೆ ಮೊನ್ನೆವರೆಗೆ ಗುಲಾಮರು. ಮೊದಮೊದಲು ಅವರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ. ಆದರೂ ಯಾಕೆ ಹೋರಾಡ್ತಿದ್ದೀವಿ ಅನ್ನೋದು ಅವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಕಡೆ ನೋಡಿ. 1863ರಲ್ಲಿ ಕಡ್ಡಾಯ ಸೇನಾಭರ್ತಿ ಬಂದಾಗ, 300 ಡಾಲರ್ ಕಟ್ಟಿದವನಿಗೆ ವಿನಾಯಿತಿ! ಬಡವ ಎಲ್ಲಿಂದ ತರಬೇಕು?

ಮೂರು ತಿಂಗಳ ಯುದ್ಧ ನಾಲ್ಕು ವರ್ಷ ನಡೀತು. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಭೇದಿ, ಟೈಫಾಯಿಡ್‌ನಂಥ ಕಾಯಿಲೆಗಳು.

ನಾನೂ ತಣ್ಣನೆ ಸ್ಟುಡಿಯೋದಲ್ಲಿ ಕೂತು ಗಡಿಯ ಸುದ್ದಿ ಓದಿದವನೇ, ಗ್ರಾಫಿಕ್ಸ್‌ನಲ್ಲಿ ಟ್ಯಾಂಕ್ ಓಡಿಸಿದವನೇ. ನೀವು ಊಟದ ತಟ್ಟೆ ಹಿಡ್ಕೊಂಡು ನೋಡಿದವರೇ. ಹಾಗಾದ್ರೆ ಬುಲ್ ರನ್‌ನ ಆ ಬುತ್ತಿಗಂಟು ನಮ್ಮದಲ್ಲ ಅಂತ ಹೇಗೆ ಹೇಳೋದು?