ಮದರಾಸಿನ ಬಾಡಿಗೆಮನೆಯೂ ಸರಕಾರದ ಕೈನೆರವೂ

ಪೆರುಂಗುಡಿಯಲ್ಲಿ ಮನೆ ಹುಡುಕಿದ ಕನ್ನಡಿಗರೆಲ್ಲರೂ ಕೇಳಿರುವ ಮಾತು ಒಂದಿದೆ: "ಅಡ್ವಾನ್ಸು ಹತ್ತು ತಿಂಗಳದ್ದು." ಬೆಂಗಳೂರಿನಿಂದ ಬಂದವರಿಗೆ ಇದು ಹೊಸತಲ್ಲ. ಹಾವೇರಿಯಿಂದಲೋ ಕುಂದಾಪುರದಿಂದಲೋ ನೇರವಾಗಿ ಬಂದಿಳಿದವರು ಮಾತ್ರ ಬೆಚ್ಚಿಬೀಳುತ್ತಾರೆ. ಆದರೆ ಇದೇ ಊರಿನಲ್ಲಿ, 1960ರ ಕಾಯಿದೆ ಜಾರಿಯಲ್ಲಿದ್ದಷ್ಟು ಕಾಲವೂ, ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡ ಪಡೆಯಕೂಡದೆಂಬ ನಿಯಮವಿತ್ತೆಂದರೆ ನಂಬುವವರು ಎಷ್ಟು ಜನ? ಕಾಯಿದೆ ಒಂದೆನ್ನುತ್ತಿತ್ತು, ಊರು ಹತ್ತೆನ್ನುತ್ತಿತ್ತು. ಬಡ ಒಕ್ಕಲಿಗೆ ಸರಕಾರ ಕೊಡಲೆಳಸಿದ ನೆರವಿನ ಕಥೆಯೆಲ್ಲವೂ ಬಹುಮಟ್ಟಿಗೆ ಈ ಒಂದಕ್ಕೂ ಹತ್ತಕ್ಕೂ ನಡುವಣ ಕಥೆಯೇ ಆಗಿದೆ.

ಬಾಡಿಗೆಯ ವಿಷಯದಲ್ಲಿ ಸರಕಾರಗಳು ಮೊದಲು ಕೈಹಾಕಿದ್ದು ಯುದ್ಧಕಾಲದಲ್ಲಿ. 1915ರಲ್ಲಿ ಗ್ಲಾಸ್ಗೋ ಪಟ್ಟಣದ ಹೆಂಗಸರು, ಮೇರಿ ಬಾರ್ಬರ್ ಮೊದಲಾದವರ ಮುಂದಾಳುತನದಲ್ಲಿ, ಏರಿಸಿದ ಬಾಡಿಗೆಯನ್ನು ಕೊಡೆವೆಂದು ಹಟ ಹಿಡಿದರು. ಅದೇ ವರ್ಷ ಬ್ರಿಟನ್ನಿನ ಪಾರ್ಲಿಮೆಂಟು ಬಾಡಿಗೆಗೆ ಕಡಿವಾಣ ಹಾಕಿತು. ಮುಂಬಯಿಯಲ್ಲಿ 1918ರಲ್ಲಿ ಅಂಥದೇ ಕಾಯಿದೆ ಬಂದಿತು. ಮದರಾಸಿನ ಸರದಿ ಎರಡನೆಯ ಮಹಾಯುದ್ಧದಲ್ಲಿ. ಭಾರತ ರಕ್ಷಣಾ ನಿಯಮಗಳ ಬಲದಿಂದ 1941ರಲ್ಲಿ ಮನೆಬಾಡಿಗೆ ನಿಯಂತ್ರಣದ ಆಜ್ಞೆ ಹೊರಟಿತು. ಮರುವರ್ಷದ ಏಪ್ರಿಲಿನಲ್ಲಿ, ಜಪಾನೀಯರು ಬಂದೇ ಬಿಟ್ಟರೆಂಬ ಭಯಕ್ಕೆ, ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಭಯ ಕಳೆದು ಹಿಂದಿರುಗಿದಾಗ ಮನೆಗಳಿಗೆ ನೂಕುನುಗ್ಗಲು. ಯುದ್ಧ ಮುಗಿದ ಮೇಲೆ ಆಜ್ಞೆಯೇ 1946ರಲ್ಲಿ ಕಾಯಿದೆಯಾಯಿತು. 1949ರಲ್ಲಿ ಅದರ ಸ್ಥಾನಕ್ಕೆ ಇನ್ನೊಂದು ಬಂದಿತು.

ರಾಜ್ಯೋತ್ಸವದ ಸಂಚಿಕೆಗೆ ಸಲ್ಲುವ ಮಾತೊಂದು ಇಲ್ಲಿದೆ. ಆ 1949ರ ಕಾಯಿದೆ ಮದರಾಸು ಪಟ್ಟಣಕ್ಕಷ್ಟೇ ಸೇರಿದ್ದಲ್ಲ. ಮಂಗಳೂರು, ಬಳ್ಳಾರಿ, ಕೊಳ್ಳೇಗಾಲಗಳೂ ಆಗ ಈ ಪ್ರಾಂತದವೇ. ಬಳ್ಳಾರಿ 1953ರ ಅಕ್ಟೋಬರ್ 1ರಂದು, ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ 1956ರ ನವೆಂಬರ್ 1ರಂದು ಮೈಸೂರನ್ನು ಸೇರಿದವು. ಕಾಯಿದೆ ಮಾತ್ರ ಮದರಾಸಿನದೇ ಉಳಿಯಿತು. ಹುಬ್ಬಳ್ಳಿಯ ಬಾಡಿಗೆದಾರನಿಗೆ ಮುಂಬಯಿಯ ಕಾಯಿದೆ, ಗುಲಬರ್ಗಿಯವನಿಗೆ ಹೈದರಾಬಾದಿನದು, ಬೆಂಗಳೂರಿನವನಿಗೆ ಹಳೆಯ ಮೈಸೂರಿನದು. 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆ ಬಂದು ಇವನ್ನೆಲ್ಲ ಒಂದು ಮಾಡಿತು. ನಾಡು ಒಂದಾದ ಮೇಲೆಯೂ ಐದು ವರ್ಷ ನಮ್ಮ ಒಕ್ಕಲು ನಾಲ್ಕು ನಾಡುಗಳಲ್ಲಿ ಬಾಳಿದನೆಂದು ಹೇಳಬಹುದು!

ಇತ್ತ ಮದರಾಸಿನಲ್ಲಿ 1960ರ ಕಾಯಿದೆ ಬಂದಿತು. ಆ ಕಾಲದಲ್ಲಿ ಇಲ್ಲಿಗೆ ಬಂದ ಕನ್ನಡಿಗರಲ್ಲಿ ಹೊಟೇಲಿನ ಕೆಲಸಕ್ಕೆ ಬಂದ ಉಡುಪಿ ಸೀಮೆಯವರು ಬಹಳ ಮಂದಿ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಮೇಲೆ ಈ ಹಾದಿ ಇನ್ನೂ ಅಗಲವಾಯಿತು. ಮಾಣಿಗಳು ಹೊಟೇಲಿನ ಮಹಡಿಯ ಮೇಲೆಯೇ ಮಲಗುವರು. ಸಂಸಾರ ಕರೆತಂದ ದಿನ ತೊಂದರೆ ಶುರು. ನಾವು ವಠಾರವೆನ್ನುವುದನ್ನು ಇಲ್ಲಿಯವರು ಒಂಡುಕ್ಕುಡಿತ್ತನವೆನ್ನುತ್ತಾರೆ. ಒಂದೇ ಬಾವಿ, ಸಾಲು ಕೋಣೆಗಳು. ಕಾಯಿದೆಯಲ್ಲಿ ಇವರಿಗೊಂದು ಬಾಗಿಲಿತ್ತು. ಬಾಡಿಗೆ ಹೆಚ್ಚೆನಿಸಿದರೆ ಕಂಟ್ರೋಲರರಿಗೆ ಅರ್ಜಿ ಕೊಟ್ಟು "ನ್ಯಾಯಬಾಡಿಗೆ" ಗೊತ್ತುಮಾಡಿಸಿಕೊಳ್ಳಬಹುದಾಗಿತ್ತು. 1973ರ ತಿದ್ದುಪಡಿಯ ಬಳಿಕ ಲೆಕ್ಕ ಹೀಗೆ: ವಾಸದ ಮನೆಯಾದರೆ ನೆಲ, ಕಟ್ಟಡಗಳ ಒಟ್ಟು ಬೆಲೆಯ ಮೇಲೆ ವರ್ಷಕ್ಕೆ ಶೇಕಡ 9; ಅಂಗಡಿ ಮೊದಲಾದವಕ್ಕೆ ಶೇಕಡ 12. ಎರಡು ಲಕ್ಷದ ಮನೆಗೆ ವರ್ಷಕ್ಕೆ 18,000, ತಿಂಗಳಿಗೆ 1,500. ಬ್ಯಾಂಕಿನ ಗುಮಾಸ್ತರಾದ ನಮಗೆ ಈ ಲೆಕ್ಕ ಹಿಡಿಸುತ್ತದೆ. ಆದರೆ ನೆಲದ ಬೆಲೆ ಏರಿದಂತೆ ನ್ಯಾಯಬಾಡಿಗೆಯೂ ಏರುವುದೆಂಬುದನ್ನು ಮನೆಯ ಯಜಮಾನರೂ ಕಂಡುಕೊಂಡರು; ಒಕ್ಕಲಿನ ರಕ್ಷಣೆಗೆಂದು ಇದ್ದ ಅರ್ಜಿಯನ್ನು ಅವರೇ ಹಾಕತೊಡಗಿದರು.

ಇನ್ನೊಂದು ತೊಡಕೂ ಇತ್ತು. ತಿಂಗಳಿಗೆ 400 ರೂಪಾಯಿಗೆ ಮೀರಿದ ಬಾಡಿಗೆಯ ವಾಸದ ಮನೆಗೆ ಕಾಯಿದೆಯ ರಕ್ಷಣೆಯೇ ಇಲ್ಲವೆಂದು 1973ರಿಂದ ಇತ್ತು. ಬೆಲೆಗಳು ಏರಿ, 400ಕ್ಕೆ ಒಳ್ಳೆಯ ಕೋಣೆಯೂ ಸಿಗದ ಕಾಲ ಬಂದಾಗ, 1986ರಲ್ಲಿ ಸುಪ್ರೀಂ ಕೋರ್ಟು, ಅಂಗಡಿಗಿಲ್ಲದ ಮಿತಿ ಮನೆಗೇಕೆಂದು ಕೇಳಿ ಅದನ್ನು ತಳ್ಳಿಹಾಕಿತು.

ಪೆರುಂಗುಡಿ ಆಗ ನಗರದ ಹೊರಗಿನ ಊರು. ಕಾರ್ಪೊರೇಷನ್ನಿಗೆ ಸೇರಿದ್ದು 2011ರಲ್ಲಿ. ಪಕ್ಕದ ಒಕ್ಕಿಯಂ ತೊರೈಪಾಕ್ಕದಲ್ಲಿ ಕಣ್ಣಗಿ ನಗರವಿದೆ. 1970ರಲ್ಲಿ ಹುಟ್ಟಿದ ಕೊಳೆಗೇರಿ ನಿರ್ಮೂಲನ ಮಂಡಲಿ, ನದೀತೀರಗಳಲ್ಲಿ ಗುಡಿಸಲು ಹಾಕಿದವರನ್ನು ಎಬ್ಬಿಸಿ ತಂದು ಕೂರಿಸಿದ ಜಾಗವದು. ಮಾಡು ಸಿಕ್ಕಿತು, ಕೆಲಸ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ಇದೇ ಮಂಡಲಿಯ ಹಳೆಯ ಮನೆಗಳನ್ನು ಕೆಡವಿ ಕಟ್ಟುವಾಗ, ಹೊರಗೆ ಬಾಡಿಗೆಗಿರಬೇಕಾದ ಸಂಸಾರಗಳಿಗೆ ಕೊಡುವ ಹಣವನ್ನು 8,000ದಿಂದ 24,000ಕ್ಕೆ ಏರಿಸಲಾಯಿತು. ಬಾಡಿಗೆಗೆಂದೇ ಬಡವರ ಕೈಗೆ ಬರುವ ಸರಕಾರದ ದುಡ್ಡೆಂದರೆ ನಾವು ಬಲ್ಲಂತೆ ಇದೊಂದೇ.

ಕೇಂದ್ರ ಸರಕಾರ 2015ರ ಒಂದು ಕರಡು ನೀತಿಯಲ್ಲಿ ಬಾಡಿಗೆ ಚೀಟಿಯ ಮಾತೆತ್ತಿತ್ತು. ಅದು ಮಾತಾಗಿಯೇ ಉಳಿಯಿತು. 2020ರಲ್ಲಿ, ಕೊರೋನಾದ ಲಾಕ್‌ಡೌನಿನಲ್ಲಿ ಕೂಲಿಗಳು ಕಾಲ್ನಡಿಗೆಯಲ್ಲಿ ಊರಿಗೆ ಹೊರಟದ್ದನ್ನು ಕಂಡ ಮೇಲೆ, ಅಗ್ಗದ ಬಾಡಿಗೆಮನೆಗಳ ಯೋಜನೆ ಬಂದಿತು. ಇವೆಲ್ಲಕ್ಕಿಂತ ಸುಲಭವಾದ ನೆರವು ನಮ್ಮಂಥವರಿಗೇ ಇದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಸಂಬಳಗಾರರಿಗೆ ಮನೆಬಾಡಿಗೆ ಭತ್ಯೆಯ ಮೇಲೆ ವಿನಾಯಿತಿ. ಭತ್ಯೆಯಿಲ್ಲದವರಿಗೂ ತಿಂಗಳಿಗೆ 5,000ದ ವರೆಗೆ ಕಳೆಯಲು ಅವಕಾಶ. ತೆರಿಗೆ ಕಟ್ಟುವಷ್ಟು ವರಮಾನವೇ ಇಲ್ಲದ ಮಾಣಿಗೆ ಇದರಿಂದ ಕಾಸೂ ಇಲ್ಲ. ರೆವಿನ್ಯೂ ಸ್ಟಾಂಪು ಅಂಟಿಸಿದ ರಸೀತಿಗಳನ್ನು ಜೋಡಿಸುವಾಗೆಲ್ಲ ನಮಗೆ ಇದು ಸ್ವಲ್ಪ ನಾಚಿಕೆ ತರುತ್ತದೆ.

2019ರ ಫೆಬ್ರವರಿ 22ರಿಂದ ತಮಿಳುನಾಡಿನಲ್ಲಿ ಹೊಸ ಕಾಯಿದೆ. ನ್ಯಾಯಬಾಡಿಗೆ ಹೋಯಿತು, ಬಾಡಿಗೆ ಇಬ್ಬರೂ ಒಪ್ಪಿದಷ್ಟು. ಕರಾರು ಬರವಣಿಗೆಯಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ನೀರು, ವಿದ್ಯುತ್ತು ನಿಲ್ಲಿಸಿ ಒಕ್ಕಲನ್ನು ಹೊರಡಿಸುವಂತಿಲ್ಲ. ಮುಂಗಡ ಮೂರು ತಿಂಗಳದ್ದು, ಆದರೆ ಕರಾರಿನಲ್ಲಿ ಬೇರೆಯಾಗಿ ಒಪ್ಪಿದ್ದರೆ ಆ ಮಾತು ಬೇರೆ.

ಕಳೆದ ವರ್ಷ ನಮ್ಮ ಬೀದಿಯ ಒಬ್ಬ ಅಡಿಗೆಭಟ್ಟರು, ಬೈಂದೂರಿನ ಕಡೆಯವರು, ನಮ್ಮಲ್ಲಿಗೆ ಬಂದು, "ಸ್ವಾಮೀ, ಏಳು ವರ್ಷದಿಂದ ಬಾಡಿಗೆ ಕೊಡ್ತಾ ಇದ್ದೇನೆ, ಕೈಯಲ್ಲಿ ಒಂದು ಚೀಟಿಯೂ ಇಲ್ಲ" ಎಂದರು. ಆಧಾರಿನ ವಿಳಾಸ ಇನ್ನೂ ಊರಿನದೇ. ನಾವು ಜೊತೆಗೆ ಹೋಗಿ ಮನೆಯೊಡತಿಯವರೊಡನೆ ಅರೆಬರೆ ತಮಿಳಿನಲ್ಲಿ ಎರಡು ಸಂಜೆ ಮಾತಾಡಿದೆವು. ಮೊದಲು ಹೆದರಿದರು, ಮನೆ ಕೈಬಿಡುತ್ತದೆಂಬ ಭಯ. ಹೊಸ ಕಾಯಿದೆಯಲ್ಲಿ ಅವಧಿ ಮುಗಿದ ಮೇಲೆ ಮನೆ ಅವರದೇ ಎಂದು ತಿಳಿಸಿದ ಮೇಲೆ ಕರಾರಿಗೆ ಸಹಿ ಹಾಕಿದರು. ಭಟ್ಟರ ಹೆಸರು ಪೆರುಂಗುಡಿಯ ಕಾಗದವೊಂದರಲ್ಲಿ ಅಂದು ಮೊದಲ ಸಲ ಬಿದ್ದಿತು. ಮುಂಗಡ ಮಾತ್ರ, ಬಹಳ ಚೌಕಾಸಿಯ ಮೇಲೆ, ಆರು ತಿಂಗಳಿಗೆ ನಿಂತಿತು.