ಎನ್.ಸಿ. ಭಟ್: ಆಯ್ಕೆಯಾಗಿಯೂ ಹಾರದೇ ಉಳಿದ ಕನ್ನಡಿಗ ಗಗನಯಾತ್ರಿ

ಭಾರತದ ಗಗನಯಾತ್ರಿಗಳು ಯಾರು ಅಂತ ಕೇಳಿದರೆ ಎರಡು ಹೆಸರು ಥಟ್ಟನೆ ಬರುತ್ತವೆ: 1984ರ ರಾಕೇಶ್ ಶರ್ಮಾ, 2025ರ ಶುಭಾಂಶು ಶುಕ್ಲಾ. ನಡುವೆ 41 ವರ್ಷ ಖಾಲಿ. ಆ ಖಾಲಿ ಜಾಗದಲ್ಲಿ ಕರ್ನಾಟಕದ ಒಬ್ಬರ ಹೆಸರಿದೆ: ನಾಗಪತಿ ಚಿದಂಬರ ಭಟ್. ಕತ್ರಿಗುಪ್ಪೆ, ಕುಮಾರಸ್ವಾಮಿ ಲೇಔಟ್ ಕಡೆಯವರಿಗೆ ಇಸ್ರೋ ಅನ್ನೋದು ದೂರದ ಸಂಸ್ಥೆಯಲ್ಲ, ಪಕ್ಕದಲ್ಲೇ ಒಂದು ಇಸ್ರೋ ಲೇಔಟ್ ಇದೆ. ಆದರೂ ಈ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಯಾರು, ಯಾಕೆ ಆಯ್ಕೆಯಾದರು?

ಶರ್ಮಾ ವಾಯುಪಡೆಯ ಪೈಲಟ್. ಸೋವಿಯತ್ ಒಕ್ಕೂಟದ ಸೋಯುಜ್ ಟಿ-11ರಲ್ಲಿ ಹೋಗಿಬಂದರು. ಭಟ್ ಇಸ್ರೋ ಎಂಜಿನಿಯರ್. 1985ರಲ್ಲಿ ಇಸ್ರೋ ತನ್ನವರಲ್ಲೇ ಇಬ್ಬರನ್ನು ಆರಿಸಿತು: ಭಟ್ ಮತ್ತು ಕೇರಳದ ಪಿ. ರಾಧಾಕೃಷ್ಣನ್. ಇದ್ದದ್ದು ಒಂದೇ ಸೀಟು.

ಹುದ್ದೆಯ ಹೆಸರು ಪೇಲೋಡ್ ಸ್ಪೆಷಲಿಸ್ಟ್. ನಾಸಾದ ಷಟಲ್ ಓಡಿಸೋದು ಇವರ ಕೆಲಸವಲ್ಲ. ತಮ್ಮ ದೇಶದ ಉಪಗ್ರಹ ಅಥವಾ ಪ್ರಯೋಗದ ಜೊತೆ ಹೋಗಿ ಬರೋದು. ಸೌದಿಯ ಸುಲ್ತಾನ್ ಬಿನ್ ಸಲ್ಮಾನ್, ಮೆಕ್ಸಿಕೋದ ರೊಡಾಲ್ಫೋ ನೇರಿ ವೇಲಾ 1985ರಲ್ಲಿ ಹಾಗೇ ಹೋಗಿದ್ದರು. ಭಾರತದ ಸರದಿ 1986ರ ಸೆಪ್ಟೆಂಬರ್‌ಗೆ ನಿಗದಿಯಾಗಿತ್ತು. ಇನ್ಸಾಟ್-1ಸಿ ಉಪಗ್ರಹವನ್ನು ಕಕ್ಷೆಗೆ ಬಿಡಬೇಕಿತ್ತು.

ಇದೇನು ಬರೀ ಶೋಕಿ ಪ್ರಯಾಣವಲ್ಲ. ಅದರ ಹಿಂದಿನ ಉಪಗ್ರಹ ಇನ್ಸಾಟ್-1ಬಿಯನ್ನು 1983ರ ಆಗಸ್ಟ್‌ನಲ್ಲಿ ಷಟಲ್ಲೇ ಒಯ್ದಿತ್ತು. ಅದನ್ನು ನಿಯಂತ್ರಿಸಿದ್ದು ನಮ್ಮ ಹಾಸನದ ಕೇಂದ್ರ. ದೇಶದ ಟಿವಿ, ಟೆಲಿಫೋನ್, ಹವಾಮಾನ ಮಾಹಿತಿ ಅದರ ಮೇಲೆ ನಿಂತಿತ್ತು. ಒಯ್ದ ಆ ಷಟಲ್‌ನ ಹೆಸರು ಚಾಲೆಂಜರ್.

73 ಸೆಕೆಂಡು

1986ರ ಜನವರಿ 28ರಂದು ಅದೇ ಚಾಲೆಂಜರ್ ಮೇಲೆದ್ದ 73 ಸೆಕೆಂಡಿಗೆ ಛಿದ್ರವಾಯಿತು. ಏಳೂ ಜನ ಸತ್ತರು. ಬಲಬದಿಯ ಬೂಸ್ಟರ್‌ನ ಜೋಡಣೆಯಲ್ಲಿದ್ದ ರಬ್ಬರ್ ಓ-ರಿಂಗ್ ಆ ಬೆಳಗಿನ ಚಳಿಗೆ ಗಡುಸಾಗಿ, ಬಿಸಿ ಅನಿಲ ಸೋರಿತ್ತು. ಬೂಸ್ಟರ್ ಮಾಡಿದ ಕಂಪನಿಯ ಎಂಜಿನಿಯರ್‌ಗಳು ಹಿಂದಿನ ರಾತ್ರಿಯೇ ಬೇಡ ಅಂದಿದ್ದರು. ಮೇಲಿನವರು ಕೇಳಲಿಲ್ಲ.

1988ರ ಸೆಪ್ಟೆಂಬರ್‌ವರೆಗೆ ಷಟಲ್ ಹಾರಲಿಲ್ಲ. ಅಷ್ಟರಲ್ಲಿ ಅಮೆರಿಕ ಸರ್ಕಾರ ವಾಣಿಜ್ಯ ಉಪಗ್ರಹಗಳನ್ನು ಷಟಲ್‌ನಿಂದ ಹೊರಗಿಟ್ಟಿತ್ತು. ಇನ್ಸಾಟ್-1ಸಿ ಫ್ರೆಂಚ್ ಗಯಾನಾದಿಂದ 1988ರ ಜುಲೈನಲ್ಲಿ ಯುರೋಪಿನ ಏರಿಯಾನ್ ರಾಕೆಟ್ ಹತ್ತಿತು. ಅದರಲ್ಲಿ ಮನುಷ್ಯರಿಗೆ ಜಾಗವಿರಲಿಲ್ಲ. ಉಪಗ್ರಹಕ್ಕೆ ಬೇರೆ ಗಾಡಿ ಸಿಕ್ಕಿತು, ಎಂಜಿನಿಯರ್‌ಗೆ ಸಿಗಲಿಲ್ಲ. ಹೀಗೇ ಆಯ್ಕೆಯಾಗಿದ್ದ ಇಂಡೋನೇಷ್ಯಾದ ವಿಜ್ಞಾನಿ ಪ್ರತಿವಿ ಸುದರ್ಮೋನೋ ಅವರದ್ದೂ ಇದೇ ಕತೆ.

ಈಗ ಯಾಕೆ ನೆನಪಿಸಿಕೊಳ್ಳಬೇಕು?

ಶರ್ಮಾ ಹಾರಿದ್ದು ಮಾಸ್ಕೋದ ಸ್ನೇಹದಿಂದ. ಭಟ್ ಹಾರದಿದ್ದದ್ದು ಅಮೆರಿಕದ ಅಪಘಾತದಿಂದ, ಆಮೇಲಿನ ಅವರ ನೀತಿಯಿಂದ. ಶುಕ್ಲಾ 2025ರ ಜೂನ್ 25ರಂದು ಹೋಗಿದ್ದು ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್‌ನಲ್ಲಿ, ನಮ್ಮ ಸರ್ಕಾರ ದುಡ್ಡು ಕೊಟ್ಟ ಸೀಟಿನಲ್ಲಿ. ಮೂವರದ್ದೂ ಅರ್ಹತೆ ನಮ್ಮದು, ವಾಹನ ಬೇರೆಯವರದ್ದು. ವಾಹನ ನಮ್ಮದಲ್ಲದಿದ್ದರೆ ಯಾರು ಯಾವಾಗ ಹೋಗಬೇಕು ಅನ್ನೋ ತೀರ್ಮಾನವೂ ಪೂರ್ತಿ ನಮ್ಮದಲ್ಲ. ಗಗನಯಾನಕ್ಕೆ 2018ರಲ್ಲಿ ಒಪ್ಪಿಗೆಯಾದ 9,023 ಕೋಟಿ ಯಾಕೆ ಅಂತ ಕೇಳುವವರಿಗೆ ಭಟ್ ಅವರ ಬದುಕೇ ಒಂದು ಉತ್ತರ.

ಆದರೆ ಅದೇ ಬದುಕು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೆ. 1985ರಲ್ಲಿ ಇಸ್ರೋ ಆರಿಸಿದ್ದು ತನ್ನ ಎಂಜಿನಿಯರ್‌ಗಳನ್ನು. 2024ರ ಫೆಬ್ರವರಿಯಲ್ಲಿ ಗಗನಯಾನಕ್ಕೆ ಘೋಷಣೆಯಾದ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು, ನಾಲ್ವರೂ ಗಂಡಸರು. ಹೊಸ ವಾಹನದ ಮೊದಲ ಹಾರಾಟಕ್ಕೆ ಟೆಸ್ಟ್ ಪೈಲಟ್ ಬೇಕು, ಅದರಲ್ಲಿ ತಕರಾರಿಲ್ಲ. ಆಮೇಲಿನ ಹಾರಾಟಗಳಿಗೆ ಇಸ್ರೋದ ಎಂಜಿನಿಯರ್, ವಿಜ್ಞಾನಿ, ಹೆಣ್ಣುಮಕ್ಕಳು ಅರ್ಜಿ ಹಾಕೋ ಹಾಗಿರಬೇಕು. 40 ವರ್ಷದ ಹಿಂದೆ ತೆರೆದಿದ್ದ ಬಾಗಿಲು ಅದು. ಮತ್ತೆ ತೆರೆಯಿರಿ ಅಂತ ಕೇಳೋಕೆ ನಮಗೆ ಹಕ್ಕಿದೆ.